ಎಷ್ಟು ಕೋಳಿ

ಇಪ್ಪತ್ತೊಂಬತ್ತು ವರ್ಷ ದಾಲ್ಕಾವೆಯ ಕಡವಿನಲ್ಲಿ ನಿಂತು
ಆಚೆ ದ್ವೀಪಕ್ಕೆ ಹೋಗುವ ದೋಣಿಗೆ ಎಷ್ಟು ಲಾರಿ, ಎಷ್ಟು ಹಸು,
ಎಷ್ಟು ಶವಪೆಟ್ಟಿಗೆ, ಎಷ್ಟು ಮದುವೆಯ ಕೇಕು
ಎಂದು ಬರೆದುಕೊಂಡವಳು ನಾನು.
ಲೆಕ್ಕ ತಪ್ಪಿದರೆ ದೋಣಿ ವಾಲುತ್ತದೆ.
ಈಗ ಹಿತ್ತಿಲ ಬೇಲಿಗೆ ಒರಗಿ
ಎರಡು ವಾರದಿಂದ ಒಂದೇ ಲೆಕ್ಕ:
ಮೊದಲ ಸಲಕ್ಕೆ ಎಷ್ಟು ಕೋಳಿ?

ತಮ್ಮ ನೊಲ್ಬೆರ್ತೊ ಹನ್ನೆರಡು ಅನ್ನುತ್ತಾನೆ.
ಸಮುದ್ರದ ತಳದಲ್ಲಿ ಚಿಪ್ಪು ಹೆಕ್ಕುತ್ತಿದ್ದ ಮುಳುಗುಗಾರ,
ಎಡಗಿವಿಯನ್ನು ನೀರಿಗೇ ಬಿಟ್ಟು ಬಂದಿದ್ದಾನೆ.
ಕೈಗೆ ಸಿಕ್ಕಷ್ಟೂ ಚೀಲಕ್ಕೆ, ಅದು ಅವನ ಗಣಿತ.
ಹನ್ನೆರಡು ಕೋಳಿ, ಮೂವತ್ತು ದಿನ ಎಂದು ಗುಣಿಸುತ್ತ
ಬ್ರೆಡ್ಡು ಸುತ್ತಿದ ಕಾಗದದ ಮೇಲೆ
ಆಗಲೇ ಒಂದು ಹಳೇ ಜೀಪು ಕೊಂಡಾಗಿದೆ.
ಇಡದ ಮೊಟ್ಟೆಗೆ ಕಾವು ಕೊಡಬೇಡವೋ ಅಂದೆ.
ಬಲಗಿವಿಗೂ ಕೇಳಿಸಲಿಲ್ಲ.

ಒಂದು? ಮಾತಿಗೆ ಯಾರೂ ಇಲ್ಲದೆ
ನನ್ನ ಬೆನ್ನಿಗೇ ಅಡುಗೆಮನೆಗೆ ಬಂದೀತು.
ಎರಡು? ಒಂದು ಸತ್ತರೆ ಮತ್ತೆ ಒಂದೇ.
ಮೂರು? ಎರಡು ಸೇರಿ ಮೂರನೆಯದರ ನೆತ್ತಿ ಕುಕ್ಕುತ್ತವೆ;
ಟಿಕೇಟಿನ ಗೂಡಿನಲ್ಲಿ ನಾವು ಮೂವರು ಹೆಂಗಸರಿದ್ದೆವು,
ನನಗೆ ಯಾರೂ ಹೇಳಿಕೊಡಬೇಕಿಲ್ಲ.
ನಾಲ್ಕು ಅನ್ನುವಾಗ ಮಾತ್ರ ಬಾಯಿಗೆ ಹಿತ.
ನಾಲ್ಕು ಕಾಲಿದ್ದರೆ ಮಂಚ ಅಲ್ಲಾಡುವುದಿಲ್ಲ.

ಮಗುಚಿ ಹಾಕಿದ ಅಪ್ಪನ ದೋಣಿಯೇ ಗೂಡು.
ಒಳಗೆ ಅಡ್ಡಕ್ಕೆ ಮುರಿದ ಹುಟ್ಟೊಂದನ್ನು ಕಟ್ಟಿ ಅಳೆದೆ,
ಕೋಳಿಗೆ ಒಂದು ಗೇಣು ಜಾಗ ಬೇಕಂತೆ.
ಐದು ಗೇಣಾಗಿ ನಾಲ್ಕು ಬೆರಳು ಉಳಿಯಿತು.
ನಿನ್ನ ಗೇಣೋ ನನ್ನ ಗೇಣೋ ಎಂದು ನೊಲ್ಬೆರ್ತೊ.
ಅರ್ಧ ದಿನ ಅದೇ ಜಗಳ.
ಕೋಳಿಯನ್ನು ಕೇಳಿ ಖಾರ ಅರೆಯುವವರಿಲ್ಲ,
ಗೂಡು ಕಟ್ಟುವವರೂ ಇಲ್ಲ.

ಕೊನೆಗೆ ಎರ್ಮೆಲಿಂದಾ ಚಿಗ್ವಾಯ್‌ಳ ಬಾಗಿಲು ತಟ್ಟಿದೆ.
ಅರವತ್ತು ವರ್ಷದಿಂದ ಕೋಳಿ ಸಾಕಿದ ಮುದುಕಿ
ಆಲೂಗಡ್ಡೆ ಹೆರೆಯುವುದನ್ನು ನಿಲ್ಲಿಸಲೂ ಇಲ್ಲ.
"ಜುಲೈ ತಿಂಗಳ ಮಳೆ. ಬೆಳಿಗ್ಗೆ ಆರು ಗಂಟೆ. ಕೈ ಮರಗಟ್ಟಿದೆ.
ಆಗ ನೀನು ಎಷ್ಟು ಕೋಳಿಯ ಹಿಕ್ಕೆ ಬಳಿಯಬಲ್ಲೆ?
ಅಷ್ಟು ತಾ. ಅದರ ಮೇಲೆ ಒಂದು ಹೆಚ್ಚು ತಾ,
ಅದು ಮಿಂಕಿನ ಪಾಲು.
ಯಾವುದು ಅಂತ ಮೊದಲೇ ತಿಳಿಯುವುದಿಲ್ಲ, ಅಷ್ಟೇ."
ಹುಂಜ? ಅಂದೆ.
"ಬೆಳಗು ಹೇಗೂ ಆಗುತ್ತದೆ" ಅಂದಳು.

ಭಾನುವಾರ ಸಂತೆ. ಹೆಣೆದ ಬುಟ್ಟಿಯಲ್ಲಿ ಐದು,
ನೀಲಿ ಮೊಟ್ಟೆಯ ಜಾತಿ ಎಂದು ಆಣೆ ಇಟ್ಟ ಹುಡುಗ.
ನಾಲ್ಕು ಕೊಡು ಅಂದೆ.
ಕಾಲು ಹಿಡಿದು ಒಂದೊಂದೇ ಎತ್ತಿದ.
ಉಳಿದದ್ದು, ಕತ್ತಿನಲ್ಲಿ ಪುಕ್ಕವೇ ಇಲ್ಲದ್ದು,
ಬುಟ್ಟಿಯ ಅಂಚಿನಿಂದ ತಲೆ ಚಾಚಿ ನೋಡಿತು.
ಬೇಡುವ ನೋಟವೇನಲ್ಲ.
ಹಲಗೆ ಮೇಲೆತ್ತಿದ ಮೇಲೆ ಓಡಿ ಬಂದು
ದಡದಲ್ಲೇ ನಿಂತುಬಿಟ್ಟವರು ನೋಡುತ್ತಾರಲ್ಲ, ಹಾಗೆ.
ಅಂಥವರನ್ನು ಇಪ್ಪತ್ತೊಂಬತ್ತು ವರ್ಷ ಕಂಡಿದ್ದೇನೆ,
ಒಂದು ದಿನವೂ ದೋಣಿ ತಡೆದವಳಲ್ಲ.

ಐದು, ಅಂದೆ.

ನನ್ನ ಜಾಗಕ್ಕೆ ಬಂದ ಹೊಸ ಹುಡುಗ
ನನ್ನದೇ ಪುಸ್ತಕದಲ್ಲಿ ಬರೆದುಕೊಂಡ:
ಹೆಂಗಸು ಒಬ್ಬಳು. ಬುಟ್ಟಿ ಒಂದು.
ಇಷ್ಟು ಕಡಿಮೆಯಾಗಿ ನನ್ನನ್ನು ಯಾರೂ ಎಣಿಸಿರಲಿಲ್ಲ,
ಬುಟ್ಟಿಯೊಳಗಿಂದ ಯಾರೋ ಕೊಕ್ಕರಿಸಿದರು.

ರಾತ್ರಿ ಟಾರ್ಚು ಹಿಡಿದು ದೋಣಿಯಡಿ ಬಗ್ಗಿದೆ.
ಹುಟ್ಟಿನ ಮೇಲೆ ಸಾಲಾಗಿ ಐದು,
ಒಂದಕ್ಕೊಂದು ಒತ್ತಿಕೊಂಡು ಮೂರೇ ಗೇಣಿನಲ್ಲಿ ಮುದುಡಿವೆ.
ಹಿಂದಿನಿಂದ ನೊಲ್ಬೆರ್ತೊ, ಜೋರಾಗಿ, ಕಿವುಡರು ಕೂಗುವಂತೆ:
ನೋಡಿದೆಯಾ? ಇನ್ನೂ ಏಳಕ್ಕೆ ಜಾಗ ಇದೆ!

ಹೆಸರಿಡಬೇಡ ಅಂದಿದ್ದಾಳೆ ಎರ್ಮೆಲಿಂದಾ.
ಇಟ್ಟಿಲ್ಲ.
ಬೋಳುಕತ್ತಿನದನ್ನು ಸುಮ್ಮನೆ
ಕಡೆಯವಳು ಅನ್ನುತ್ತೇನೆ.
ಅದೇನು ಹೆಸರಲ್ಲ.