ಎಡೆಬಿಡದೆ

ಸಿಂಧನೂರು ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿ ಮಗ್ಗುಲಿಗೆ
ನನ್ನ ಟೇಬಲ್ಲು.
ಮೂವತ್ತೊಂದು ವರ್ಷದಿಂದ
ಮಂದಿಯ ಸಂಕಟಕ್ಕೆ ಮಾರ್ಜಿನ್ ಬಿಟ್ಟು
ಬಡಿಯೋದು ನನ್ನ ಕಸುಬು.

ಆಕಿ ಬಂದದ್ದು ಮಟಮಟ ಮಧ್ಯಾಹ್ನ,
ಆರ್.ಎಚ್. ಮೂರನೇ ಕ್ಯಾಂಪಿನಿಂದ
ಟಂಟಂ ಹಿಂದೆ ಜೋತುಬಿದ್ದು.
ಹೆಸರು ಹೇಳಿದಳು. ನಾನು 'ವಿನಂತಿ' ಅಂತ ಬಡಿದೆ.
"ವಿನಂತಿ ಅಲ್ಲಣ್ಣ, ಮಿನತಿ. ಅರ್ಥ ಅದೇ.
ಆದ್ರ ಒಂದಕ್ಷರ ತಪ್ಪಿದ್ರ ವಾಪಸ್ ಕಳಿಸ್ತಾರ."

ಮಿನತಿ ಬೈರಾಗಿ.
ಮೂರು ವರ್ಷದಾಕಿ ಇದ್ದಾಗ ಅಪ್ಪನ ಹೆಗಲ ಮ್ಯಾಲೆ
ಒಂದು ಹೊಳೆ ದಾಟಿದಾಕಿ. ಹೊಳೆಯ ಹೆಸರು ನೆನಪಿಲ್ಲ,
ಅಪ್ಪನ ಕಿವಿಯ ಹಿಂದಿನ ಬೆವರು ನೆನಪೈತಿ ಅಂದಳು.
ನಾನು ಅದನ್ನೂ ಬಡಿದೆ.
ಕಲಬುರಗಿಯ ವಕೀಲರು ಕೆಂಪು ಪೆನ್ನಿಂದ ಹೊಡೆದು ಹಾಕಿದರು.

ಪೌರತ್ವದ ಅರ್ಜಿ ತಿರಸ್ಕಾರ ಆಗಿತ್ತು.
ಕಾರಣ, ಒಂದೂವರೆ ಸಾಲು:
ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು
ಎಡೆಬಿಡದೆ ವಾಸವಿರಬೇಕು;
ಸ್ಥಳ ತನಿಖೆಗೆ ಹೋದಾಗ ಬೀಗ ಹಾಕಿತ್ತು. ವಾಸವಿಲ್ಲ.

ಬೀಗ ಹಾಕಿತ್ತು ಖರೆ.
ಆಕಿ ಬಳ್ಳಾರಿಯಲ್ಲಿದ್ದಳು,
ಜೀನ್ಸ್ ಹೊಲಿಯೋ ಒಂದು ಶೆಡ್ಡಿನಲ್ಲಿ
ಗುಂಡಿ ಬಡಿಯುತ್ತ, ದಾರದ ತುದಿ ಕತ್ತರಿಸುತ್ತ,
ಹದಿನೈದು ದಿನಕ್ಕೊಮ್ಮೆ ಊರಿಗೆ.
ಸಂಬಳದ ಚೀಟಿಯಲ್ಲಿ ಹೆಸರಿಲ್ಲ, ಬರೀ ನಂಬರು.
ಬಸ್ ಟಿಕೆಟ್ ಕೂಡಿಟ್ಟಿದ್ದಳು, ಪಾಪ, ಹಾರ್ಲಿಕ್ಸ್ ಡಬ್ಬಿಯಲ್ಲಿ.
ತೆಗೆದು ನೋಡಿದರೆ
ಅಕ್ಷರವೆಲ್ಲ ಹಾರಿಹೋಗಿ ಬಿಳಿ ಕಾಗದ.
ಅನುಬಂಧ 'ಸಿ' ಅಂತ ಅದನ್ನೂ ಪಿನ್ ಮಾಡಿದೆ.

ಅಜ್ಞಾತವಾಸ ಅಂತ ಒಂದು ಶಬ್ದ ಐತಿ ನಮ್ಮಲ್ಲಿ.
ಕಂಡರೆ ಸೋಲು, ಮತ್ತೆ ಮೊದಲಿಂದ ಎಣಿಕೆ.
ಇದು ಅದರ ಉಲ್ಟಾ.
ಕಾಣದಿದ್ದರೆ ಸೋಲು.
ಎಣಿಕೆ ಮಾತ್ರ ಅದೇ, ಮೊದಲಿಂದ.

ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು.
ಶಾಯಿ ಪ್ಯಾಡು ಹುಡುಕೋಕೆ ನಾನು ಡ್ರಾ ಎಳೆದೆ,
ತಿರುಗಿ ನೋಡಿದರೆ
ಕಾಗದದ ಮ್ಯಾಲೆ ಆಗಲೇ ಒಂದು ಮಸುಕು ನೀಲಿ.
ಜೀನ್ಸಿನ ಬಣ್ಣ. ತಿಕ್ಕಿದರೂ ಹೋಗಲ್ಲ ಅಂದಳು.

ಕಲಬುರಗಿಗೆ ಫೈಲು ಹೊತ್ತು ನಾನೂ ಹೋಗಿದ್ದೆ.
ಸರ್ಕಾರದ ವಕೀಲರು ಕನ್ನಡಕ ಏರಿಸಿ,
"ಹೆಸರಲ್ಲೇ ಬೈರಾಗಿ, ಮಹಾಸ್ವಾಮಿ,
ನೆಲೆ ಎಲ್ಲಿ ಹುಡುಕೋಣ?" ಅಂದರು.
ಹಾಲು ಸಣ್ಣಗೆ ನಕ್ಕಿತು.
ನಾನೂ ನಕ್ಕೆ, ಸುಳ್ಳ್ಯಾಕ ಹೇಳಲಿ.
ಹಿಂದಿನ ಬೆಂಚಲ್ಲಿ ಆಕಿ ಸೆರಗು ಸರಿಮಾಡಿಕೊಂಡಳು;
ಬೈರಾಗಿ ಅನ್ನೋ ಮಾತಿಗೆ
ಆಕಿಯ ಭಾಷೆಯಲ್ಲೂ ಅದೇ ಅರ್ಥ.

ನಮ್ಮ ವಕೀಲರು ಒಂದೇ ಪ್ರಶ್ನೆ ಹಿಡಿದು ನಿಂತರು:
ವಾಸ ಅಂದರೆ ಬಾಗಿಲು ಬಡಿದಾಗ ಒಳಗಿರೋದೋ?
ದುಡಿಯೋಕೆ ಹೋದಾಕಿಯ ಮನಿ
ಯಾರ ಮನಿ?
ನ್ಯಾಯಮೂರ್ತಿಗಳು ಬಹಳ ಹೊತ್ತು ಬರೆದುಕೊಂಡರು.

ಆದೇಶ ಬಂತು.
ತಿರಸ್ಕಾರ ರದ್ದು. ಎಂಟು ವಾರದೊಳಗೆ
ಮತ್ತೊಮ್ಮೆ ಸ್ಥಳ ತನಿಖೆ.
ನಾವು ಗೆದ್ದೆವು ಅಂತ ಮಂಡಕ್ಕಿ, ಮಿರ್ಚಿ ತಿಂದೆವು.

ಇದು ಹದಿಮೂರನೇ ವಾರ.
ಬಳ್ಳಾರಿಯ ನಂಬರು ಬೇರೆಯವರಿಗೆ ಹೋಯಿತು.
ಯಾವ ದಿನ ಬರುತ್ತಾರೋ ಹೇಳಿಲ್ಲ,
ಅದಕ್ಕೆ ಆಕಿ ಎಲ್ಲಿಗೂ ಹೋಗಲ್ಲ.
ಕೆರೆ ಮೀನಿನ ಆಸೆಗೆ ಕ್ಯಾಂಪಿಗೆ ಹೋದಾಗ ಕೇಳಿದೆ.
"ವಾಸ ಸಾಬೀತಾಗಬೇಕಂದ್ರ ಉಪವಾಸ ಇರಬೇಕಲ್ಲಣ್ಣ,"
ಅಂದಳು, ಕನ್ನಡವನ್ನು ನನಗಿಂತ ಚಲೋ ತಿರುಗಿಸಿ.

ನೀರಿನ ಹೊತ್ತಾಯಿತು. ಕೊಡ ಎತ್ತಿದಳು.
ಬೀಗ ಹಾಕಲಿಲ್ಲ.
ಚಪ್ಪಲಿ ಬಿಚ್ಚಿ ಹೊಸ್ತಿಲ ಹೊರಗೆ
ಜೋಡಿಸಿ ಇಟ್ಟಳು,
ನಡುವೆ ಯಾರಾದರೂ ಬಂದರೆ
ಒಳಗದಾಳ ಅಂದುಕೊಳ್ಳಲಿ ಅಂತ.

ಆಮೇಲೆ, ಕಾದ ಎರೆಮಣ್ಣಿನ ಮ್ಯಾಲೆ
ಬರಿಗಾಲಲ್ಲಿ
ಓಡಿದಳು.