ಕೊಸರು

ಚಿತ್ತಾಪುರದ ಸ್ಟೇಷನ್ ರೋಡಿಗೆ
ಗಾಜಿನ ಅಂಗಡಿ ಬಂದು ಇದು ಎರಡನೇ ಬ್ಯಾಸಗಿ.
ಬಾಗಿಲ ತನ್ನಷ್ಟಕ ತಾನ ತೆರೀತದ,
ಯಾರ ಮಗಳವ್ವಾ ನೀ ಅಂತ ಕೇಳೂದಿಲ್ಲ.
ಒಳಗ ತಂಪು. ಮೊದಲ ತಿಂಗಳು
ಏನೂ ತಗೊಳ್ಳದನ ಮಂದಿ
ಆ ತಂಪಿನಾಗ ಒಂದ್ ಸುತ್ತ ಹಾಕಿ ಬರ್ತಿದ್ರು,
ದರ್ಗಾಕ್ಕ ಹೋಗಿ ಬಂದಂಗ.

ಅದರ ಎದುರಿಗೇ ಬಕ್ಕಪ್ಪ ಸೇಠನ ಕಿರಾಣಿ.
ಮೂರು ಮೆಟ್ಟಲ, ಶಹಾಬಾದ್ ಫರಸಿ.
ನಡು ಮೆಟ್ಟಲ ಸವದು ಬೋಗುಣಿ ಆಗ್ಯದ,
ಮಳಿ ಬಂದ್ರ ಗುಬ್ಬಿ ನೀರ ಕುಡೀತಾವ.
ಅದನ್ನ ಸವೆಸಿದ್ದು ಊರ ಕಾಲು.
ನಮ್ಮವ್ವನ ಕಾಲಲ್ಲ.
ನಮ್ಮವ್ವ ನಿಂಬೆವ್ವ ನಿಲ್ಲತಿದ್ದದ್ದು ಕೆಳಗ, ಮಣ್ಣಾಗ.
ಅಲ್ಲಿಯ ಗುರುತು
ಪುರಸಭಿಯವರು ಸಿಮೆಂಟ್ ಹಾಕಿದಾಗ ಮುಚ್ಚಿ ಹೋತು.

ಸುಳ್ಳ ಯಾಕ ಹೇಳಲಿ, ಬಕ್ಕಪ್ಪನ ತಕ್ಕಡಿ
ಎಂದೂ ಮೋಸ ಮಾಡಿದ್ದಿಲ್ಲ.
ಪಾವ್ ಕಿಲೋ ತೊಗರಿ ಬ್ಯಾಳಿ ತೂಗಿ
ಮುಳ್ಳು ನಡುವ ನಿಂತ ಮ್ಯಾಲ
ಮತ್ತೊಂದ್ ಚಿಟಿಕಿ: "ಇದು ಕೊಸರು, ತಗೋ."
ಆ ಚಿಟಿಕಿ ಎಲ್ಲಾರಿಗೂ ಒಂದೇ ಇತ್ತು,
ಬೀಳೂ ಎತ್ತರ ಬ್ಯಾರೆ ಇತ್ತು.
ಗೌಡರ ಚೀಲಕ್ಕ ಕೈ ಮುಟ್ಟಿಸಿ,
ನಮ್ಮವ್ವನ ಸೆರಗಿಗೆ ಮೊಳ ಮ್ಯಾಲಿಂದ.
ನಾಕು ಕಾಳು ಮಣ್ಣಿಗೆ ಬಿದ್ರ
ಆರಿಸೂ ಕೆಲಸ ನಂದು. ಆರು ವರ್ಷದಾಕಿ,
ಉಗುರು ಸಣ್ಣವು.

ಅದ ಬಕ್ಕಪ್ಪ, ನಮ್ಮ ತಮ್ಮಗ ವಾಂತಿ ಭೇದಿ ಹತ್ತಿದ ರಾತ್ರಿ
ಲುಂಗಿ ಮ್ಯಾಲೇ ಎದ್ದು ಬಂದು ಕದ ತೆಗೆದು
ಸಕ್ಕರಿ, ಉಪ್ಪು, ಗ್ಲೂಕೋಸ್ ಪುಡಿ ಕೊಟ್ಟ.
ಕೆಂಪು ವಹಿಯೊಳಗ ಬರಕೊಂಡ.
ಬರಕೊಂಡದ್ದನ್ನ ಎಂದೂ ಕೇಳಲಿಲ್ಲ.
ಇದನ್ನೂ ಹೇಳಬೇಕಲ್ಲ.
ಎರಡನ್ನೂ ತಕ್ಕಡ್ಯಾಗ ಇಟ್ಟು ನೋಡೀನಿ,
ಮುಳ್ಳು ನಿಲ್ಲೂದಿಲ್ಲ, ಅಲುಗ್ತನ ಇರ್ತದ.

ಈಗ ನಾ ಅಂಗನವಾಡಿ ಟೀಚರ್. ಪಗಾರದ ದಿನ
ಗಾಜಿನ ಅಂಗಡಿಗೆ ಹೋಗ್ತೀನಿ.
ಹೆಸರು ಬೇಕಿಲ್ಲ ಅಲ್ಲಿ, ಫೋನ್ ನಂಬರ್ ಸಾಕು.
ಹತ್ತು ಅಂಕಿ ಹೇಳಿದ್ರ ನಾ ಏನು ಉಣ್ತೀನಂತ ಗೊತ್ತಾಗ್ತದ
ಎಲ್ಲೋ ಹೈದರಾಬಾದಿನಾಗಿನ ಒಂದು ಪೆಟ್ಟಿಗಿಗೆ.
ಬಿಲ್ಲಿನ ಮುಂದ ಕೂತಾಕಿ ಅರ್ಶಿಯಾ,
ಬಳಿ ಅಂಗಡಿ ಲಾಡ್ಲೇಸಾಬನ ಮಗಳು.
ಕೂತಾಕಿ ಅಂದೆ, ಕುರ್ಚಿ ಇಲ್ಲ ಅಕಿಗೆ.
ಒಂಬತ್ತರಿಂದ ಒಂಬತ್ತರ ತನಕ ನಿಂತಿರ್ತಾಳ.
ಒಂದ್ ಪಾಕೀಟು ಮಸಾಲಿ ಕಮ್ಮಿ ಬಿದ್ರ
ಪಗಾರದಾಗ ಮುರೀತಾರಂತ.

ನಿನ್ನೆ ಆ ಸಾಲಿನಾಗ, ನನ್ನ ಹಿಂದ,
ಬಕ್ಕಪ್ಪ.
ಕಿರಾಣಿ ಕದ ಹಾಕಿ ಎರಡು ತಿಂಗಳಾತು.
ಅರ್ಧ ಕಿಲೋದ ಬ್ಯಾಳಿ ಪಾಕೀಟು ಅಂಗೈಯಾಗ ಹಿಡದು
ಕಣ್ಣು ಮುಚ್ಚಿ ಎರಡು ಸಲ ಮ್ಯಾಲ ಕೆಳಗ ಆಡಿಸಿದ:
"ಹನ್ನೆರಡು ಗ್ರಾಮ್ ಕಮ್ಮಿ ಅದ ನೋಡವ್ವಾ."
ಅರ್ಶಿಯಾ ನಕ್ಕು ಕಾಯಿಪಲ್ಯದ ಕಾಟಾದ ಮ್ಯಾಲ ಇಟ್ಟಳು.
ನಾನೂರಾ ಎಂಬತ್ತೆಂಟು, ಪ್ಲಾಸ್ಟಿಕ್ ಸಮೇತ.
ಸಾಲಿನಾಗ ಯಾವನೋ ಸೀಟಿ ಹೊಡೆದ.
"ಹಂಗಾರ ಕೊಸರು ಹಾಕು."
"ಸಿಸ್ಟಮ್‌ನಾಗ ಇಲ್ಲ ಸೇಠಜೀ.
ಚೀಲ ಬೇಕಾದ್ರ ಹತ್ತು ರೂಪಾಯಿ."

ಚೀಲ ತಂದಿರಲಿಲ್ಲ. ಐವತ್ತು ವರ್ಷ
ಮಂದಿ ಚೀಲ ತುಂಬಿದವಗ
ತನ್ನ ಚೀಲ ಹೆಂಗ ನೆನಪಾದೀತು.

ಹೊರಗ ಬಂದ್ವಿ. ನಾ ಮ್ಯಾಲಿನ ಮೆಟ್ಟಲಕ್ಕ,
ಅಂವ ಕೆಳಗ, ಬಿಸಲಾಗ,
ಪಾಕೀಟು ಎದಿಗವಚಿಕೊಂಡು ಧೋತರ ಸಾವರಿಸ್ಲಿಕ್ಕತ್ತಿದ್ದ.
ನನ್ನ ಹಂತ್ಯಾಕ ಎರಡು ಚೀಲ ಇದ್ವು.
ಅಲ್ಲಿಂದನ ಬಿಡಬಹುದಿತ್ತು.
ಕೈ ಮುಂದ ಚಾಚಿ, ಒಂದ್ ಗಳಿಗಿ, ಎತ್ತರ ನೋಡಿದೆ.
ಸುಳ್ಳ ಯಾಕ ಹೇಳಲಿ.
ಆಮ್ಯಾಲ ಇಳದು ಹೋಗಿ ಕೈಯಾಗ ಇಟ್ಟೆ.

ಗುರುತು ಹತ್ತಲಿಲ್ಲ ಅಂವಗ.
"ಯಾರ ಮಗಳವ್ವಾ ನೀ?" ಅಂದ.
"ನಿಂಬೆವ್ವನ" ಅಂದೆ.

ನಮ್ಮ ಹಿಂದ ಗಾಜಿನ ಬಾಗಿಲ,
ಯಾರೂ ಬರಲಾರದನ,
ತೆರೀತು. ಮುಚ್ಚಿತು.