ಆಮಾ

ತಮ್ಮನಿಗೆ ಬರುತ್ತಿದ್ದದ್ದು ಒಂದೇ ತಮಿಳು ಮಾತು: ಆಮಾ.
ಸತ್ಯಮಂಗಲದ ಮಂಡಿಯಲ್ಲಿ ಕೋಸಿನ ಮೂಟೆ ಇಳಿಸುವಾಗ
ಯಾರು ಏನು ಕೇಳಿದರೂ ಆಮಾ ಅಂದರೆ
ಕೂಲಿ ಕೈಗೆ ಬೀಳುತ್ತಿತ್ತು.

ಸ್ಟೇಷನ್ನಿನಲ್ಲೂ ಅದನ್ನೇ ಅಂದ.
ಸೋಲಾರ್ ಬೇಲಿಯ ಬ್ಯಾಟರಿ ಕದ್ದದ್ದು ನೀನೇ ತಾನೆ?
ಆಮಾ.
ಮೂರು ಬ್ಯಾಟರಿ?
ಆಮಾ.
ಬೇಲಿ ಸತ್ತು, ಆನೆ ನುಗ್ಗಿ, ಚೆನ್ನಂಜಪ್ಪನ ಬಾಳೆ
ನೆಲಕ್ಕೆ ಮಲಗಿದ್ದೂ ನಿನ್ನಿಂದಲೇ?
ಆಮಾ, ಆಮಾ.
ಕೆಳಗೆ ಕನ್ನಡದಲ್ಲಿ ಸಹಿ, ಜಡೆಸ್ವಾಮಿ ಅಂತ,
ಡಕಾರದ ಹೊಟ್ಟೆ ಎಂದಿನಂತೆ ದಪ್ಪ.
ಮೇಲಿನ ಒಂದೂವರೆ ಪುಟದಲ್ಲಿ ಏನಿದೆಯೋ
ಅವನಿಗೂ ಗೊತ್ತಿಲ್ಲ, ನನಗೂ.

ದಿಂಬದಿಂದ ಕೆಳಕ್ಕೆ ಇಪ್ಪತ್ತೇಳು ತಿರುವು.
ಮೊದಲ ಸಲ ಎಣಿಸಿಕೊಂಡು ಹೋದೆ.
ಹನ್ನೊಂದಕ್ಕೆ ವಾಂತಿ ಬಂತು,
ಆಮೇಲೆ ಲೆಕ್ಕ ತಪ್ಪಿತು.

ಕೋರ್ಟಿನ ಹುಣಸೆಮರದಡಿ ಒಬ್ಬ
ಹದಿನೈದು ಸಾವಿರ ಅಂದ, ಜಾಮೀನಿಗೆ ಮಾತ್ರ.
ಕಿವಿಯ ಓಲೆ ಮುಟ್ಟಿ ನೋಡಿಕೊಂಡೆ.
ಟೀ ಮಾರುವ ಮುದುಕಿ, ತಲಮಲೆಯವಳು,
ನನ್ನ ಬೆರಳನ್ನೇ ನೋಡುತ್ತಿದ್ದಳು:
'ಓಲೆ ಕಿವೀಲೇ ಇರ್ಲಿ ಕನವ್ವ.
ಆ ಮೂಲೆ ರೂಮ್ಗೆ ಹೋಗು,
ಇಲ್ದೋರ್ಗೆ ಸರ್ಕಾರವೇ ವಕೀಲ್ರ ಕೊಡ್ತದೆ.'

ಪುಕ್ಕಟೆ ವಕೀಲರು ಹೇಗಿರುತ್ತಾರೋ,
ಆಸ್ಪತ್ರೆಯ ಪುಕ್ಕಟೆ ಗುಳಿಗೆಯ ಹಾಗೆ
ಎಲ್ಲ ರೋಗಕ್ಕೂ ಒಂದೇ ಬಣ್ಣವೋ ಏನೋ
ಅಂದುಕೊಳ್ಳುವಷ್ಟರಲ್ಲಿ ಹೆಲ್ಮೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು
ಬಂದಳು ಪೂಂಗೊಡಿ ವಕೀಲಮ್ಮ.
ಒಂದು ಫಾರಂ. ಒಳಗಿರುವವನಿಗೆ
ಆದಾಯದ ಸರ್ಟಿಫಿಕೇಟು ಬೇಡವಂತೆ.

ಕದ್ದನೋ ಇಲ್ಲವೋ ಕೇಳಲಿಲ್ಲ ಅವಳು.
ಕೇಳಿದ್ದು ಗಂಟೆ. ಆ ರಾತ್ರಿ ಎಷ್ಟು ಗಂಟೆಗೆ, ಎಲ್ಲಿದ್ದ?
ಮುದುಕಿ ಗ್ಲಾಸು ತೊಳೆಯುತ್ತಲೇ
ಅವಳ ಮಾತು ಇತ್ತ, ನನ್ನ ಮಾತು ಅತ್ತ ದಾಟಿಸಿದಳು.

ಬಣ್ಣಾರಿ ಗೇಟಿನಲ್ಲಿದ್ದ.
ಮಂಡಿಯಲ್ಲಿ ತಡವಾಗಿ, ಬರುವಷ್ಟರಲ್ಲಿ ಗೇಟು ಹಾಕಿದ್ದರು.
ಹುಲಿ ಓಡಾಡುವ ಹೊತ್ತಲ್ಲಿ ನಮಗೆ ದಾರಿಯಿಲ್ಲ.
ಲಾರಿಯಡಿ ಗೋಣಿ ಹಾಸಿ ಮಲಗಿದ.
ಬೆಳಗಿನ ಆರಕ್ಕೆ ಗಾರ್ಡು ನಂಬರು ಬರೆದುಕೊಂಡು ಬಿಟ್ಟ.
ಎಷ್ಟು ಮಣ್ಣು ತೂರಿದ್ದೇವೆ ಆ ಗೇಟಿಗೆ!
ಅವ್ವನಿಗೆ ಎದೆನೋವು ಬಂದ ರಾತ್ರಿ
ಬೀಗದ ಕೈ ಹುಡುಕಲು ಮುಕ್ಕಾಲು ಗಂಟೆ ಹಿಡಿದಿತ್ತು.

ವಕೀಲಮ್ಮ ಪೆನ್ನಿನ ಮುಚ್ಚಳ ತೆಗೆದಳು.
'ಬರೆದುಕೊಂಡನಾ? ಯಾವ ಪುಸ್ತಕದಲ್ಲಿ?'

ಆ ಪುಸ್ತಕ ಇನ್ನೂ ಬಂದಿಲ್ಲ.
ಇಲಿ ಕಡಿದಿದೆ ಅನ್ನುತ್ತಾನೆ ಒಬ್ಬ,
ಈರೋಡಿಗೆ ಹೋಗಿದೆ ಅನ್ನುತ್ತಾನೆ ಇನ್ನೊಬ್ಬ.
ಎರಡು ಸಲ ಅರ್ಜಿ ಹಾಕಿದ್ದಾಳೆ, ಮೂರನೆಯದಕ್ಕೆ
ನನ್ನ ಹತ್ತಿರ ಬಿಳಿ ಹಾಳೆ ತರಿಸಿಕೊಂಡಳು, ಅಷ್ಟೇ ನನ್ನ ಖರ್ಚು.

ಸಬ್‌ಜೈಲಿನ ಜಾಲರಿಯಾಚೆ ತಮ್ಮನಿಗೆ ಹೇಳಿಕೊಟ್ಟಳು:
ಗೊತ್ತಾಗದ್ದಕ್ಕೆ ಆಮಾ ಅನ್ನಬೇಡ,
ಬಾಯಿ ಮುಚ್ಚಿಕೊಂಡಿರು, ಅದೂ ನಿನ್ನದೇ ಹಕ್ಕು.
ಮಾಡದ್ದಕ್ಕೆ ಇಲ್ಲೆ ಅನ್ನು.
ತಮ್ಮ ನನ್ನ ಕಡೆ ತಿರುಗಿದ,
'ಅಕ್ಕ, ಇದು ನಮ್ದೇ ಮಾತಲ್ವ?'

ಕಟಕಟೆಯಲ್ಲಿ ನಿಂತಾಗ ಉಗುಳು ನುಂಗಿದ.
ಜಡ್ಜು ಓದಿದರು, ಉದ್ದಕ್ಕೆ, ತಮಿಳಿನಲ್ಲಿ,
ಕೊನೆಗೆ ತಲೆಯೆತ್ತಿದರು.
ವರ್ಷಗಟ್ಟಲೆ ಹೊತ್ತ ಆಮಾ ಅವನ ತುಟಿವರೆಗೂ ಬಂದದ್ದು
ನನಗೆ ಕಂಡಿತು.
ಇಲ್ಲ, ಅಂದ.
ಕೊನೆಯ ಸ್ವರ ಯಾವ ಭಾಷೆಯದೋ
ಫ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲ.
ಬರೆಯುವವನು ಬರೆದುಕೊಂಡ.
ಯಾರೂ ಅರ್ಥ ಕೇಳಲಿಲ್ಲ.

ಜಾಮೀನು ಸಿಕ್ಕಿದೆ. ಮುಂದಿನ ವಾಯಿದೆ ಹದಿನೆಂಟಕ್ಕೆ.
ಬಸ್ಸು ಬಣ್ಣಾರಿಯಲ್ಲಿ ನಿಂತಾಗ
ತಮ್ಮ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದ.
ಗಾರ್ಡು ಮುಂದಿನ ಲಾರಿಯ ನಂಬರು ಗೀಚುತ್ತಿದ್ದ.
ಇಳಿದು ಹೋಗಿ ಅವನ ಪಕ್ಕ ನಿಂತೆ, ಇಣುಕಿ ನೋಡಿದೆ.
'ಗಂಟೇನೂ ಬರಿ ಕನಣ್ಣ,' ಅಂದೆ,
'ಒಸಿ ಒತ್ತಿ ಬರಿ.'